ಮಕ್ಕಳ ದೇಹವೂ ಅಮಾನತ್: ಬೊಜ್ಜಿನ ಕುರಿತು ಒಂದು ಆತ್ಮಾವಲೋಕನ

ತಾಯಿಯೊಬ್ಬಳು ಸ್ನಾನದ ಮನೆಯಲ್ಲಿ ತನ್ನ ಹನ್ನೆರಡರ ಪ್ರಾಯದ ಮಗಳ ಕತ್ತಿನ ಹಿಂಭಾಗವನ್ನು ಉಜ್ಜುತ್ತಿದ್ದಾಳೆ. ಸಾಬೂನು ಬದಲಾಯಿತು, ಕಡಲೆಹಿಟ್ಟು ಆಯಿತು, ನಿಂಬೆಹಣ್ಣಿನ ಸಿಪ್ಪೆಯೂ ಆಯಿತು. ಆದರೂ ಆ ಕಪ್ಪು ಹೋಗುವುದಿಲ್ಲ. ಸರಿಯಾಗಿ ಸ್ನಾನ ಮಾಡುವುದಿಲ್ಲವೆಂದು ಮಗಳಿಗೆ ಬೈಗುಳ ಬೀಳುತ್ತದೆ. ಮಗಳು ಅಳುತ್ತಾಳೆ. ನಮ್ಮ ಎಷ್ಟೋ ಮನೆಗಳಲ್ಲಿ ಇದು ವಾರಕ್ಕೊಮ್ಮೆ ನಡೆಯುವ ಪ್ರಸಂಗ. ಆದರೆ ಅನೇಕ ಬಾರಿ ಆ ಕಪ್ಪು ಕೊಳೆಯಾಗಿರುವುದಿಲ್ಲ. ತೂಕ ಹೆಚ್ಚಿದ ಮಗುವಿನ ಕತ್ತು ಮತ್ತು ಕಂಕುಳಲ್ಲಿ ಚರ್ಮವು ದಪ್ಪವಾಗಿ ಮಖಮಲ್ಲಿನಂತೆ ಕಪ್ಪಾಗುವುದು, ದೇಹವು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಒಂದು ಬಾಹ್ಯ ಗುರುತು. ಮಧುಮೇಹವು ಬಾಗಿಲು ತಟ್ಟುವ ಮೊದಲು ಕಳುಹಿಸಿದ ಪತ್ರ ಅದು. ನಾವು ಆ ಪತ್ರವನ್ನು ಓದದೆ ಸಾಬೂನು ಹಚ್ಚಿ ಅಳಿಸಲು ಯತ್ನಿಸುತ್ತಿದ್ದೇವೆ.

ಮಕ್ಕಳ ಬೊಜ್ಜು ನಮ್ಮ ಸಮಾಜದಲ್ಲಿ ಇನ್ನೂ ಒಂದು ಸಮಸ್ಯೆಯಾಗಿ ಕಾಣಿಸಿಕೊಂಡಿಲ್ಲ. ನಮ್ಮ ಮಿಂಬರ್‌ಗಳಿಂದ ಮಾದಕ ವ್ಯಸನದ ಬಗ್ಗೆ, ಮೊಬೈಲ್ ಚಟದ ಬಗ್ಗೆ, ವರದಕ್ಷಿಣೆಯ ಬಗ್ಗೆ ಮಾತು ಕೇಳಿಬರುತ್ತದೆ. ಅದು ಕೇಳಿಬರಲೇಬೇಕು. ಆದರೆ ನಮ್ಮ ಮಕ್ಕಳ ತಟ್ಟೆಯ ಬಗ್ಗೆ ಮಾತನಾಡುವವರು ವಿರಳ. ಏಕೆಂದರೆ ತಟ್ಟೆಯಲ್ಲಿರುವುದು ಹಲಾಲ್. ಹಲಾಲ್ ಎಂದ ಮೇಲೆ ಮತ್ತೇನು ಪ್ರಶ್ನೆ? ನಮ್ಮ ತಪ್ಪು ಆರಂಭವಾಗುವುದು ಇಲ್ಲಿಂದಲೇ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಲೋಕದ ಸ್ಥಿತಿಯನ್ನು ಅರಿಯೋಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 1990ರಲ್ಲಿ 5ರಿಂದ 19ರ ವಯೋಮಾನದ ಮಕ್ಕಳಲ್ಲಿ ಅಧಿಕ ತೂಕದವರು ಶೇ. 8ರಷ್ಟಿದ್ದರು. 2022ರ ವೇಳೆಗೆ ಅವರ ಪ್ರಮಾಣ ಶೇ. 20ಕ್ಕೆ ಏರಿತು. ಅಂದರೆ ಐವರಲ್ಲಿ ಒಬ್ಬರು. ಅವರಲ್ಲಿ ಸುಮಾರು 16 ಕೋಟಿ ಮಕ್ಕಳು ಬೊಜ್ಜಿನ ಹಂತವನ್ನೇ ತಲುಪಿದವರು. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವು ನಮ್ಮ ದೇಶದ ಚಿತ್ರವನ್ನೂ ನೀಡಿತು. 1990ರಲ್ಲಿ ಭಾರತದಲ್ಲಿ ಬೊಜ್ಜಿರುವ ಮಕ್ಕಳ ಮತ್ತು ಹದಿಹರೆಯದವರ ಸಂಖ್ಯೆ ಸುಮಾರು 4 ಲಕ್ಷ. 2022ರಲ್ಲಿ ಅದು 1 ಕೋಟಿ 25 ಲಕ್ಷ. ಅವರಲ್ಲಿ 73 ಲಕ್ಷ ಬಾಲಕರು, 52 ಲಕ್ಷ ಬಾಲಕಿಯರು. ಒಂದೇ ತಲೆಮಾರಿನ ಅವಧಿಯಲ್ಲಿ ಮೂವತ್ತು ಪಟ್ಟು. 2025ರಲ್ಲಿ ಯುನಿಸೆಫ್ ಹೊರತಂದ ವರದಿಯು ಇನ್ನೊಂದು ತಿರುವನ್ನು ದಾಖಲಿಸಿತು. ಶಾಲಾ ಪ್ರಾಯದ ಮಕ್ಕಳಲ್ಲಿ ಬೊಜ್ಜಿರುವವರ ಪ್ರಮಾಣವು ಕಡಿಮೆ ತೂಕದವರ ಪ್ರಮಾಣವನ್ನು ಮೊತ್ತಮೊದಲ ಬಾರಿಗೆ ಮೀರಿತು. ಬೊಜ್ಜು ಶೇ. 9.4, ಕಡಿಮೆ ತೂಕ ಶೇ. 9.2.

ಹಾಗೆಂದು ನಮ್ಮ ನಾಡಿನಲ್ಲಿ ಹಸಿವು ಮುಗಿಯಿತೆಂದು ಯಾರೂ ಭಾವಿಸಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರನೆಯ ಒಂದಂಶಕ್ಕಿಂತ ಹೆಚ್ಚಿನವರು ಪ್ರಾಯಕ್ಕೆ ತಕ್ಕ ಎತ್ತರ ಬೆಳೆದಿರಲಿಲ್ಲ. ಒಂದೇ ಮೊಹಲ್ಲಾದಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಸೊರಗಿದ ಮಗುವೂ ಇದೆ, ಸ್ಥೂಲವಾದ ಮಗುವೂ ಇದೆ. ಬೊಜ್ಜು ಶ್ರೀಮಂತರ ಕಾಯಿಲೆ ಎಂಬ ಮಾತು ಈಗ ಹಳತಾಗಿದೆ. ಹತ್ತು ರೂಪಾಯಿಗೆ ಒಂದು ಹಿಡಿ ಸೊಪ್ಪು ದೊರೆಯದ ಅಂಗಡಿಯಲ್ಲಿ ಹತ್ತು ರೂಪಾಯಿಯ ಚಿಪ್ಸ್ ಪೊಟ್ಟಣ ನೇತಾಡುತ್ತಿರುತ್ತದೆ. ಹೊಟ್ಟೆಯನ್ನು ತುಂಬಿಸಿ ದೇಹವನ್ನು ಪೋಷಿಸದ ಆಹಾರ ಇಂದು ಬಡವನಿಗೂ ಸುಲಭ.

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದನ್ನು ಕಂಡುಕೊಳ್ಳುವುದರಲ್ಲಿ ನಮ್ಮದೇ ಮೈಸೂರಿನ ಪಾಲು ದೊಡ್ಡದು. 1997-98ರಲ್ಲಿ ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನೂ ಆ ಬಳಿಕ ಅವರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸುವ ಅಧ್ಯಯನವೊಂದು ಆರಂಭವಾಯಿತು. ಪಾರ್ಥೆನಾನ್ ಅಧ್ಯಯನವೆಂದು ಅದಕ್ಕೆ ಹೆಸರು. ನಮ್ಮ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ಕಡಿಮೆ ತೂಕದವರಾಗಿ ಹುಟ್ಟಿದರೂ ಅವರ ಬೆನ್ನಿನ ಚರ್ಮದಡಿಯ ಕೊಬ್ಬು ಅದಕ್ಕೆ ತಕ್ಕಂತೆ ಕಡಿಮೆಯಾಗಿರಲಿಲ್ಲ ಎಂದು ಅಲ್ಲಿ ಕಂಡುಬಂತು. ಕೊರತೆಯಿದ್ದುದು ಸ್ನಾಯುವಿನಲ್ಲಿ. ಪುಣೆಯ ಸಂಶೋಧಕರು ಇದನ್ನೇ 'ತೆಳ್ಳಗೆ ಕಾಣುವ ಕೊಬ್ಬಿನ ಶಿಶು' ಎಂಬ ಅರ್ಥದಲ್ಲಿ ವಿವರಿಸಿದರು. ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವರ್ಷಕ್ಕೇ ಕೊಬ್ಬು ಹೆಚ್ಚಾಗಿರುವುದೂ ಮೈಸೂರಿನಲ್ಲಿ ಕಂಡುಬಂತು. ಇದರರ್ಥ ಸ್ಪಷ್ಟ. ನೋಡಲು ಅಷ್ಟೇನೂ ದಪ್ಪವಾಗಿಲ್ಲದ ನಮ್ಮ ಮಗುವಿನ ಒಳಗೂ ಅಪಾಯ ಕೂಡಿಕೊಳ್ಳುತ್ತಿರಬಹುದು. ಆದುದರಿಂದಲೇ ಭಾರತೀಯ ಮಕ್ಕಳ ವೈದ್ಯರ ಸಂಘಟನೆಯು 2015ರಲ್ಲಿ ಸಿದ್ಧಪಡಿಸಿದ ಬೆಳವಣಿಗೆಯ ಪಟ್ಟಿಯಲ್ಲಿ ಅಧಿಕ ತೂಕದ ಗೆರೆಯನ್ನು ಪಾಶ್ಚಾತ್ಯ ಪಟ್ಟಿಗಳಿಗಿಂತ ಕೆಳಗೆ ಎಳೆಯಲಾಗಿದೆ.

ಪರಿಣಾಮಗಳು ಮುಪ್ಪಿಗಾಗಿ ಕಾಯುವುದಿಲ್ಲ. 2016-18ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ಶಾಲಾ ಮಕ್ಕಳು ಮತ್ತು ಹದಿಹರೆಯದವರಲ್ಲಿ ಹತ್ತರಲ್ಲಿ ಒಬ್ಬರ ರಕ್ತ ಪರೀಕ್ಷೆಯು ಮಧುಮೇಹದ ಪೂರ್ವಹಂತವನ್ನು ತೋರಿಸಿತು. ಮೊದಲು ನಲವತ್ತು ದಾಟಿದವರಿಗೆ ಬರುತ್ತಿದ್ದ ಎರಡನೆಯ ವಿಧದ ಮಧುಮೇಹವು ಈಗ ಹೈಸ್ಕೂಲಿನ ಮಕ್ಕಳಲ್ಲಿ ಕಾಣಿಸುತ್ತಿದೆ. ಮದ್ಯವನ್ನು ಮುಟ್ಟದ ಮನೆತನದ ಹುಡುಗನ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ರಕ್ತದೊತ್ತಡ ಏರುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗುತ್ತದೆ, ಅಂಡಾಶಯದಲ್ಲಿ ನೀರುಗುಳ್ಳೆಗಳ ಸಮಸ್ಯೆ ಉಲ್ಬಣಿಸುತ್ತದೆ. ರಾತ್ರಿ ಗೊರಕೆ ಹೊಡೆಯುತ್ತಾ ಉಸಿರು ಕಟ್ಟುವ ಮಗು ಹಗಲು ತರಗತಿಯಲ್ಲಿ ತೂಕಡಿಸುತ್ತದೆ. ಅದನ್ನು ನಾವು ಸೋಮಾರಿತನವೆಂದು ಕರೆಯುತ್ತೇವೆ. ಮಂಡಿ ಮತ್ತು ಸೊಂಟದ ಕೀಲುಗಳು ಹೊತ್ತುಕೊಳ್ಳಲಾರದ ಭಾರವನ್ನು ಹೊರುತ್ತವೆ. ಹದಿಹರೆಯದಲ್ಲಿ ಬೊಜ್ಜಿದ್ದವರಲ್ಲಿ ಬಹುಪಾಲು ಮಂದಿ ಅದನ್ನು ಹೊತ್ತುಕೊಂಡೇ ಪ್ರೌಢರಾಗುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆ ದೇಹಕ್ಕೂ ಅನ್ವಯಿಸುತ್ತದೆ.

ಇದು ಹೇಗೆ ಸಂಭವಿಸಿತು? ತಂದೆತಾಯಿಗಳ ನಿರ್ಲಕ್ಷ್ಯದಿಂದ ಎಂದು ಹೇಳಿಬಿಡುವುದು ಸುಲಭ. ಆದರೆ ನಮ್ಮ ಮನೆಗಳಲ್ಲಿ ಇದು ಸಂಭವಿಸಿದ್ದು ನಿರ್ಲಕ್ಷ್ಯಕ್ಕಿಂತ ಹೆಚ್ಚಾಗಿ ಪ್ರೀತಿಯಿಂದ. ನಮ್ಮ ಅಜ್ಜಿಯಂದಿರು ಬರಗಾಲ ಕಂಡವರು. ಗಂಜಿಯ ತಿಳಿಯನ್ನು ಹಂಚಿ ಕುಡಿದು ಮಕ್ಕಳನ್ನು ಸಾಕಿದವರು. ಅವರ ಪಾಲಿಗೆ ತುಂಬಿದ ಕೆನ್ನೆಯ ಮೊಮ್ಮಗು ಅಲ್ಲಾಹನ ಅನುಗ್ರಹದ ಕಣ್ಣಾರೆ ಕಾಣುವ ರೂಪ. ಸಾಕೆಂದು ತಟ್ಟೆ ಸರಿಸುವ ಮಗುವಿಗೆ ಇನ್ನೊಂದು ತುತ್ತು ತಿನ್ನಿಸುವ ಆ ಕೈಯಲ್ಲಿ ಇರುವುದು ಹಸಿವಿನ ನೆನಪು. ಅದನ್ನು ನಾವು ಗೌರವಿಸಬೇಕು. ಆದರೆ ಹಸಿವಿನ ಕಾಲದ ಔಷಧಿ ಸಮೃದ್ಧಿಯ ಕಾಲದಲ್ಲಿ ವಿಷವಾಗಬಲ್ಲದು ಎಂಬುದನ್ನು ಅವರಿಗೆ ವಿನಯದಿಂದ ತಿಳಿಸಬೇಕು.

ಕರಾವಳಿಯ ಮನೆಗಳಲ್ಲಿ ಇನ್ನೊಂದು ಪ್ರೀತಿಯಿದೆ. ತಂದೆ ಕೊಲ್ಲಿ ರಾಷ್ಟ್ರದಲ್ಲಿದ್ದಾನೆ. ಎರಡು ವರ್ಷಕ್ಕೊಮ್ಮೆ ನಲವತ್ತು ದಿನಗಳ ರಜೆಯಲ್ಲಿ ಬರುತ್ತಾನೆ. ಜೊತೆಗಿರಲಾಗದ ದಿನಗಳ ಸಾಲವನ್ನು ಆತ ಚಾಕೊಲೇಟಿನ ಡಬ್ಬಿಗಳಲ್ಲಿ ತೀರಿಸುತ್ತಾನೆ. ಸಂಜೆಯಾದರೆ ಮಕ್ಕಳೊಂದಿಗೆ ಶವರ್ಮ, ಅಲ್‌ಫಹಮ್, ಮಂದಿ, ಫಲೂದಾ. ಆತ ಮರಳಿದ ಬಳಿಕ ತಾಯಿ, ತಂದೆಯಿಲ್ಲದ ಮನೆಯಲ್ಲಿ ಮಕ್ಕಳ ಹಠಕ್ಕೆ ಎದುರಾಗಲಾರದೆ ಅದನ್ನೇ ಮುಂದುವರಿಸುತ್ತಾಳೆ. ಆ ತಂದೆಯನ್ನು ದೂಷಿಸಲು ನಮಗೆ ಮನಸ್ಸಾಗುವುದಿಲ್ಲ. ಆದರೆ ಆತ ದುಡಿಯುವ ನಾಡಿನ ಸರಕಾರಗಳೇ ಈ ಅಪಾಯವನ್ನು ಗುರುತಿಸಿವೆ ಎಂಬುದನ್ನು ಆತನಿಗೆ ನೆನಪಿಸಬೇಕು. ಸೌದಿ ಅರೇಬಿಯ ಮತ್ತು ಯುಎಇ 2017ರಲ್ಲಿ ಕೋಲಾದಂತಹ ಪಾನೀಯಗಳ ಮೇಲೆ ಶೇ. 50ರಷ್ಟು, ಎನರ್ಜಿ ಡ್ರಿಂಕ್‌ಗಳ ಮೇಲೆ ಶೇ. 100ರಷ್ಟು ವಿಶೇಷ ತೆರಿಗೆ ವಿಧಿಸಿದವು. ಅಲ್ಲಿ ತೆರಿಗೆ ಹಾಕಿ ದೂರವಿಡಲು ಯತ್ನಿಸುವ ವಸ್ತುವನ್ನು ಇಲ್ಲಿ ನಾವು ಅತಿಥಿ ಸತ್ಕಾರದ ಮೊದಲ ಲೋಟವಾಗಿಸಿದ್ದೇವೆ.

ಆ ಲೋಟದ ಲೆಕ್ಕವನ್ನೊಮ್ಮೆ ನೋಡೋಣ. ಸಾಮಾನ್ಯವಾಗಿ 100 ಮಿಲಿಲೀಟರ್ ಕೋಲಾದಲ್ಲಿ ಸುಮಾರು 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 300 ಮಿಲಿಲೀಟರಿನ ಒಂದು ಲೋಟವೆಂದರೆ 30 ಗ್ರಾಮಿಗಿಂತ ಹೆಚ್ಚು, ಆರೇಳು ಚಮಚ. ಹೊರಗಿನಿಂದ ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದು, ಶೇ. 5ರೊಳಗಿದ್ದರೆ ಇನ್ನೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 1,600 ಕ್ಯಾಲೊರಿ ಬೇಕಾಗುವ ಮಗುವಿಗೆ ಅದು ಹೆಚ್ಚೆಂದರೆ 40 ಗ್ರಾಂ, ಒಳಿತೆಂದರೆ 20 ಗ್ರಾಂ. ಬೆಳಗ್ಗಿನ ಸಿಹಿ ಚಹಾ, ಶಾಲೆಯ ಡಬ್ಬಿಯ ಕ್ರೀಮ್ ಬಿಸ್ಕತ್ತು, ಸಂಜೆಯ ಮಿಲ್ಕ್ ಶೇಕ್, ಇವೆಲ್ಲ ಲೆಕ್ಕಕ್ಕೆ ಬರುವ ಮೊದಲೇ ಒಂದು ಲೋಟ ಆ ಮಿತಿಯ ಬಳಿಗೆ ಬಂದು ನಿಂತಿದೆ. ಪೆಟ್ಟಿಗೆಯಲ್ಲಿ ಬರುವ ಹಣ್ಣಿನ ರಸವೂ ಇದಕ್ಕೆ ಹೊರತಲ್ಲ. ಹಣ್ಣನ್ನು ಜಗಿದು ತಿನ್ನುವುದಕ್ಕೂ ಅದರ ರಸಕ್ಕೆ ಸಕ್ಕರೆ ಬೆರೆಸಿ ಕುಡಿಯುವುದಕ್ಕೂ ಅಂತರವಿದೆ.

ಈಗ ನಮ್ಮ ಧರ್ಮದ ಕಡೆಗೆ ಬರೋಣ. ಪವಿತ್ರ ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದ 31ನೆಯ ಸೂಕ್ತದಲ್ಲಿ ತಿನ್ನುವುದಕ್ಕೂ ಕುಡಿಯುವುದಕ್ಕೂ ಅನುಮತಿ ನೀಡಿದ ಅಲ್ಲಾಹನು, ಅದೇ ಉಸಿರಿನಲ್ಲಿ ಮಿತಿಮೀರುವುದನ್ನು ನಿಷೇಧಿಸಿದ್ದಾನೆ. ಆ ಸೂಕ್ತದ ಮೊದಲರ್ಧ ನಮಗೆ ಚೆನ್ನಾಗಿ ಕಂಠಪಾಠವಾಗಿದೆ. ಎರಡನೆಯ ಅರ್ಧದಲ್ಲಿ ಹೇಳಲಾದ ಮಿತಿಮೀರುವಿಕೆಯನ್ನು ನಾವು ಹಣದ ದುಂದುವೆಚ್ಚಕ್ಕೆ ಮಾತ್ರ ಸೀಮಿತಗೊಳಿಸಿದ್ದೇವೆ. ಆದರೆ ಅಲ್ಲಿನ ಮಾತು ಆಹಾರದ ಕುರಿತಾದುದು. ಮನುಷ್ಯನು ತುಂಬುವ ಪಾತ್ರೆಗಳಲ್ಲಿ ಹೊಟ್ಟೆಯೇ ಅತ್ಯಂತ ಕೆಟ್ಟದ್ದೆಂದೂ, ಬೆನ್ನು ನೆಟ್ಟಗಿರಿಸುವಷ್ಟು ಕೆಲವು ತುತ್ತುಗಳು ಸಾಕೆಂದೂ, ಹೆಚ್ಚು ಬೇಕೇ ಬೇಕೆಂದಾದರೆ ಮೂರನೆಯ ಒಂದಂಶ ಆಹಾರಕ್ಕೆ, ಒಂದಂಶ ನೀರಿಗೆ, ಒಂದಂಶ ಉಸಿರಿಗೆ ಬಿಡಬೇಕೆಂದೂ ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದನ್ನು ಇಮಾಮ್ ತಿರ್ಮಿದಿಯವರು ದಾಖಲಿಸಿದ್ದಾರೆ. ನಾವು ಈ ಹದೀಸನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಪರೀಕ್ಷೆಯಲ್ಲಿ ಅಂಕ ಕೊಡುತ್ತೇವೆ. ಬಳಿಕ ಅದೇ ಮಗು ಮೂರನೆಯ ಬಾರಿ ಬಿರಿಯಾನಿ ಬಡಿಸಿಕೊಂಡಾಗ ಮೆಚ್ಚುಗೆಯಿಂದ ನೋಡುತ್ತೇವೆ.

ದೇಹಕ್ಕೂ ನಿಮ್ಮ ಮೇಲೆ ಹಕ್ಕಿದೆ ಎಂಬ ಆಶಯದ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಅತಿಯಾಗಿ ಉಪವಾಸ ಮಾಡಿ, ಅತಿಯಾಗಿ ರಾತ್ರಿ ನಮಾಝ್ ನಿರ್ವಹಿಸಿ ದೇಹವನ್ನು ದಂಡಿಸುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ) ಎಂಬ ಯುವಕನಿಗೆ ಪ್ರವಾದಿ(ಸ) ನೀಡಿದ ಉಪದೇಶವದು. ಆರಾಧನೆಯ ಹೆಸರಿನಲ್ಲಿಯೂ ದೇಹದ ಹಕ್ಕನ್ನು ಕಸಿಯಬಾರದೆಂದಾದರೆ ರುಚಿಯ ಹೆಸರಿನಲ್ಲಿ ಕಸಿಯಬಹುದೇ? ನಮ್ಮ ದೇಹದ ವಿಷಯದಲ್ಲಿ ಹೀಗಾದರೆ, ತನ್ನ ಹಕ್ಕನ್ನು ಕೇಳಲೂ ತಿಳಿಯದ ಮಗುವಿನ ದೇಹದ ಕುರಿತು ನಮ್ಮ ಹೊಣೆ ಎಷ್ಟು ದೊಡ್ಡದಿರಬೇಡ! ಮಗು ಅಲ್ಲಾಹನ ಅಮಾನತ್ ಎನ್ನುತ್ತೇವೆ. ಅಮಾನತ್ ಎಂದರೆ ಪಡೆದುಕೊಂಡ ಸ್ಥಿತಿಯಲ್ಲಿಯೇ ಜೋಪಾನ ಮಾಡಿ ಒಪ್ಪಿಸಬೇಕಾದ ವಸ್ತು. ನಾವು ಆ ಮಗುವಿನ ಈಮಾನಿನ ಬಗ್ಗೆ ಮಾತ್ರವಲ್ಲ, ಅದರ ಯಕೃತ್ತು ಮತ್ತು ಹೃದಯದ ಬಗ್ಗೆಯೂ ಪ್ರಶ್ನಿಸಲ್ಪಡುವೆವು ಎಂಬ ಭಯ ನಮಗಿರಬೇಕು.

ರಮಝಾನ್ ತಿಂಗಳನ್ನೇ ನೋಡಿ. ಹಸಿವಿನ ಪಾಠ ಕಲಿಸಲು ಬಂದ ತಿಂಗಳು ನಮ್ಮ ಅಡುಗೆಮನೆಗಳಲ್ಲಿ ಎಣ್ಣೆಯ ತಿಂಗಳಾಗಿಬಿಟ್ಟಿದೆ. ಸಮೋಸ, ಕಟ್ಲೆಟ್, ಬಣ್ಣದ ಶರಬತ್ತು, ಆ ಬಳಿಕ ಪತ್ತಿರ್ ಮತ್ತು ಮಾಂಸದ ಸಾರು, ತರಾವೀಹ್ ನಂತರ ಬೀದಿಯ ತಿಂಡಿ. ಅನೇಕ ಮನೆಗಳಲ್ಲಿ ಉಪವಾಸದ ತಿಂಗಳಲ್ಲಿ ಅಡುಗೆ ಎಣ್ಣೆಯ ಖರ್ಚು ಇಮ್ಮಡಿಯಾಗುತ್ತದೆ. ಪ್ರವಾದಿ(ಸ)ರವರು ಕೆಲವು ಖರ್ಜೂರ, ಇಲ್ಲದಿದ್ದರೆ ನೀರಿನಿಂದ ಉಪವಾಸ ತೊರೆಯುತ್ತಿದ್ದರು. ನಮ್ಮ ಹಿರಿಯರ ಕಾಲದ ಮಸೀದಿಗಳಲ್ಲಿ ಒಂದು ಬಟ್ಟಲು ಗಂಜಿಯೇ ಇಫ್ತಾರ್ ಆಗಿತ್ತು. ಮದುವೆಗಳ ಕತೆಯೂ ಇದೇ. ವಲೀಮಾ ಸುನ್ನತ್. ಆದರೆ ಐದು ಬಗೆಯ ಮಾಂಸ, ಮೂರು ಬಗೆಯ ಸಿಹಿ ಮತ್ತು ಐಸ್‌ಕ್ರೀಮ್ ಸುನ್ನತ್ ಅಲ್ಲ. ತಟ್ಟೆಗಳಲ್ಲಿ ಉಳಿದು ಕಸಕ್ಕೆ ಹೋಗುವ ಆ ಅನ್ನದ ಪಕ್ಕದ ಬೀದಿಯಲ್ಲಿಯೇ ಸೊರಗಿದ ಮಕ್ಕಳಿದ್ದಾರೆ. ನೆರೆಯವನು ಹಸಿದಿರುವಾಗ ಹೊಟ್ಟೆತುಂಬ ಉಣ್ಣುವವನ ವಿಶ್ವಾಸವನ್ನೇ ಪ್ರವಾದಿ(ಸ) ಪ್ರಶ್ನಿಸಿದ್ದನ್ನು ನಾವು ಮರೆಯಬಾರದು.

ತಟ್ಟೆ ಅರ್ಧ ಕಾರಣ. ಇನ್ನರ್ಧ ಕಾರಣ ವೇಳಾಪಟ್ಟಿ. ಇಲ್ಲಿ ಮದ್ರಸದ ಅಧ್ಯಾಪಕರಾದ ನಾವು ನಮ್ಮ ಕಡೆಗೇ ಬೆರಳು ತೋರಿಸಿಕೊಳ್ಳಬೇಕಾಗಿದೆ. ನಮ್ಮ ಮಗು ಮುಂಜಾನೆ ಮದ್ರಸದ ಚಾಪೆಯ ಮೇಲೆ ಎರಡು ಗಂಟೆ ಕುಳಿತುಕೊಳ್ಳುತ್ತದೆ. ಅಲ್ಲಿಂದ ಶಾಲೆಯ ಬೆಂಚಿನ ಮೇಲೆ ಆರೇಳು ಗಂಟೆ. ಸಂಜೆ ಟ್ಯೂಷನ್. ರಾತ್ರಿ ಮೊಬೈಲ್. ಮನೆಯಿಂದ ಮದ್ರಸಕ್ಕೆ ಅರ್ಧ ಕಿಲೋಮೀಟರ್ ದೂರವಿದ್ದರೂ ಸ್ಕೂಟರಿನಲ್ಲಿ ತಂದುಬಿಡುತ್ತಾರೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವಂತೆ ಚಟುವಟಿಕೆಯಿಂದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ವೇಳಾಪಟ್ಟಿಯಲ್ಲಿ ಆ 60 ನಿಮಿಷಗಳನ್ನು ಎಲ್ಲಿ ಹುಡುಕುವುದು? ನಮಾಝ್ ಒಂದು ವ್ಯಾಯಾಮ ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ನಮಾಝ್ ಆರಾಧನೆ. ಅದನ್ನು ಆಟದ ಬದಲಿಗೆ ಲೆಕ್ಕ ಹಾಕುವುದು ನಮಾಝಿಗೂ ನ್ಯಾಯವಲ್ಲ, ಮಗುವಿಗೂ ನ್ಯಾಯವಲ್ಲ. ನಿದ್ದೆಯ ವಿಷಯವೂ ಹಾಗೆಯೇ. ಆರರಿಂದ ಹನ್ನೆರಡರ ಪ್ರಾಯದ ಮಗುವಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಫಜ್ರ್‌ಗೆ ಏಳಬೇಕಾದ ಮಗು ಹನ್ನೊಂದರವರೆಗೆ ಎಚ್ಚರವಿದ್ದರೆ ನಿದ್ದೆಯ ಕೊರತೆಯು ಹಸಿವನ್ನು ಕೆರಳಿಸುತ್ತದೆ. ಇಶಾ ನಮಾಝಿನ ಬಳಿಕ ಹರಟೆಯನ್ನು ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ. ಆ ಶಿಸ್ತು ಮನೆಯಲ್ಲಿದ್ದರೆ ಅರ್ಧ ಚಿಕಿತ್ಸೆ ಆದಂತೆಯೇ.

ಹೆಣ್ಣುಮಕ್ಕಳ ಪಾಲಿಗೆ ಈ ವೇಳಾಪಟ್ಟಿ ಇನ್ನೂ ಕಠೋರ. ಹತ್ತು ಹನ್ನೊಂದನೆಯ ಪ್ರಾಯಕ್ಕೆ ಅವಳ ಆಟ ನಿಲ್ಲುತ್ತದೆ. ಸೈಕಲ್ ತಮ್ಮನ ಪಾಲಾಗುತ್ತದೆ. ಲಜ್ಜೆಯ ಹೆಸರಿನಲ್ಲಿ ಅವಳನ್ನು ಓಡದಂತೆ ತಡೆಯುವವರು ಒಂದು ಹದೀಸನ್ನು ಓದಬೇಕು. ಅಬೂದಾವೂದ್ ಗ್ರಂಥದಲ್ಲಿರುವಂತೆ ಪ್ರವಾದಿ(ಸ)ರವರು ಪ್ರಯಾಣವೊಂದರಲ್ಲಿ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದರು. ಆಗ ಆಯಿಶಾ(ರ) ಗೆದ್ದರು. ಮುಂದೊಮ್ಮೆ, ಅವರ ಮೈ ತುಂಬಿಕೊಂಡ ಬಳಿಕ ಮತ್ತೆ ಓಡಿದಾಗ ಪ್ರವಾದಿ(ಸ) ಗೆದ್ದರು. ಇದು ಆ ಗೆಲುವಿಗೆ ಬದಲಾಯಿತೆಂದು ನಗುತ್ತಾ ಹೇಳಿದರು. ಎಷ್ಟೊಂದು ಸೌಮ್ಯ ಘಟನೆ! ಓಟವೂ ಇದೆ, ಲಜ್ಜೆಯೂ ಇದೆ, ತೂಕದ ಮಾತೂ ಇದೆ. ಆದರೆ ಅವಹೇಳನ ಮಾತ್ರ ಇಲ್ಲ. ನಮ್ಮ ಹುಡುಗಿಯರಿಗೆ ಮೈದಾನದ ಬದಲು ಮನೆಯ ಟೆರೇಸ್ ಇರಲಿ, ಸಂಜೆ ಹೊತ್ತು ಖಾಲಿ ಬಿದ್ದಿರುವ ಜಮಾಅತಿನ ಸಭಾಭವನ ಇರಲಿ, ತಾಯಂದಿರ ಜೊತೆಗಿನ ನಡಿಗೆ ಇರಲಿ. ಓಡುವ ಅವಕಾಶವನ್ನು ಅವರಿಂದ ಕಸಿಯುವ ಹಕ್ಕು ನಮಗಿಲ್ಲ.

ಅವಹೇಳನದ ಮಾತು ಬಂದುದರಿಂದ ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ನಮ್ಮ ತರಗತಿಯಲ್ಲಿ ಒಬ್ಬ ಬಾಲಕನಿದ್ದ. ಸಹಪಾಠಿಗಳು ಅವನಿಗೆ ಒಂದು ಅಡ್ಡಹೆಸರಿಟ್ಟಿದ್ದರು. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಒಂದು ದಿನ ಹಾಜರಿ ಕರೆಯುವಾಗ ಮಕ್ಕಳು ಆ ಹೆಸರನ್ನು ಕೂಗಿದರು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. ಮರುದಿನ ಅವನು ಬರಲಿಲ್ಲ. ಕೆಲವು ವಾರಗಳ ಬಳಿಕ ಬಂದವನು ಕೊನೆಯ ಸಾಲಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತ. ಆ ತಿಂಗಳು ನಾವು ಮಕ್ಕಳಿಗೆ ಕಲಿಸುತ್ತಿದ್ದುದು ಸೂರಃ ಅಲ್ ಹುಜುರಾತ್. ಅದರ 11ನೆಯ ಸೂಕ್ತದಲ್ಲಿ ಪರಸ್ಪರ ಅಪಹಾಸ್ಯ ಮಾಡುವುದನ್ನೂ ಕೆಟ್ಟ ಹೆಸರುಗಳಿಂದ ಕರೆಯುವುದನ್ನೂ ಅಲ್ಲಾಹನು ನಿಷೇಧಿಸಿದ್ದಾನೆ. ಪಾಠ ಪುಟದಲ್ಲಿತ್ತು. ಅದನ್ನು ಮುರಿದವರು ಪಾಠ ಹೇಳುವವರೇ ಆಗಿದ್ದೆವು. ಆ ಬಾಲಕನ ಬಳಿ ನಾವು ಕ್ಷಮೆ ಕೇಳಿದೆವು. ಅವನು ತಲೆಯಾಡಿಸಿದ. ಆದರೆ ಆ ಹೆಸರು ಅವನನ್ನು ಬಿಟ್ಟುಹೋಯಿತೆಂದು ಹೇಳುವ ಧೈರ್ಯ ನಮಗಿಲ್ಲ.

ಅವಮಾನದಿಂದ ಯಾವ ಮಗುವೂ ತೆಳ್ಳಗಾಗುವುದಿಲ್ಲ. ಹೀಯಾಳಿಸಲ್ಪಟ್ಟ ಮಗು ಆಟದಿಂದ ಹಿಂದೆ ಸರಿಯುತ್ತದೆ, ಗುಟ್ಟಾಗಿ ತಿನ್ನುತ್ತದೆ, ತನ್ನನ್ನೇ ದ್ವೇಷಿಸಲು ಕಲಿಯುತ್ತದೆ. ಬೊಜ್ಜು ಆ ಮಗುವಿನ ಪಾಪವಲ್ಲ. ಅಂಗಡಿಗೆ ಹೋಗಿ ಸಾಮಾನು ತಂದವರು ನಾವು, ಬಡಿಸಿದವರು ನಾವು, ಮೊಬೈಲ್ ಕೈಗಿಟ್ಟವರು ನಾವು, ಸಮಯಪಟ್ಟಿ ರಚಿಸಿದವರು ನಾವು. ವಂಶವಾಹಿಯ ಪಾಲೂ ಇದೆ, ಕೆಲವೊಮ್ಮೆ ಥೈರಾಯ್ಡಿನಂತಹ ಗ್ರಂಥಿಗಳ ತೊಂದರೆಯೂ ಇರುತ್ತದೆ. ಆದುದರಿಂದ ಚಿಕಿತ್ಸೆ ಮಗುವಿನಿಂದಲ್ಲ, ಮನೆಯಿಂದ ಆರಂಭವಾಗಬೇಕು. ದಪ್ಪಗಿರುವ ಮಗನಿಗೆ ಮಾತ್ರ ಬೇರೆ ತಟ್ಟೆಯಿಟ್ಟು ತೆಳ್ಳಗಿರುವ ಮಗಳ ಮುಂದೆ ಕೇಕ್ ಇಡುವುದು ಶಿಕ್ಷೆಯಾಗುತ್ತದೆಯೇ ಹೊರತು ಚಿಕಿತ್ಸೆಯಾಗುವುದಿಲ್ಲ. ಮನೆಯ ಎಲ್ಲರ ತಟ್ಟೆಯೂ ಒಂದೇ ಆಗಬೇಕು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ತಂಪುಪಾನೀಯವನ್ನು ಮನೆಯೊಳಗೆ ತರುವುದನ್ನು ನಿಲ್ಲಿಸಿದರೆ ಸಾಕು, ಮಗುವಿಗೆ ಬೇಡ ಎನ್ನುವ ಪ್ರಮೇಯವೇ ಬರುವುದಿಲ್ಲ. ಬಾಯಾರಿಕೆಗೆ ನೀರು, ಮಜ್ಜಿಗೆ, ಎಳನೀರು ಸಾಕು. ಹುರಿದ ತಿಂಡಿ ವಾರಕ್ಕೊಂದು ದಿನ ಇರಲಿ. ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು ಮತ್ತು ಹಣ್ಣಿಗೆ ಮೀಸಲಿರಲಿ. ಮೀನು, ಮೊಟ್ಟೆ, ಹೆಸರು, ಹುರುಳಿ, ರಾಗಿ, ಜೋಳ ನಮ್ಮ ನಾಡಿನವೇ ಆಗಿವೆ. ಸಾಕೆಂದ ಮಗುವನ್ನು ಒತ್ತಾಯಿಸಬೇಡಿ. ಟಿ.ವಿ. ಮತ್ತು ಮೊಬೈಲಿನ ಮುಂದೆ ಉಣಿಸಬೇಡಿ. ಪ್ರವಾದಿ(ಸ)ರವರ ಜೊತೆ ಉಣ್ಣುತ್ತಾ ಬಟ್ಟಲಿನಲ್ಲಿ ಎಲ್ಲೆಡೆ ಕೈಯಾಡಿಸುತ್ತಿದ್ದ ಬಾಲಕ ಉಮರ್ ಬಿನ್ ಅಬೀ ಸಲಮಾ(ರ)ರಿಗೆ ಬಿಸ್ಮಿಲ್ಲಾ ಹೇಳಿ ಬಲಗೈಯಿಂದ ತನ್ನ ಮುಂದಿನದ್ದನ್ನು ತಿನ್ನುವಂತೆ ಅವರು ಕಲಿಸಿದರು. ಮಗುವಿನ ಪಕ್ಕದಲ್ಲಿ ಕುಳಿತು ಉಣ್ಣುವ ಹಿರಿಯರಿದ್ದರೆ ಮಾತ್ರ ಇಂತಹ ಶಿಸ್ತು ಸಾಧ್ಯ. ಹಾಲೂಡುವ ತಾಯಂದಿರು ಅಲ್ ಬಕರಃ ಅಧ್ಯಾಯದ 233ನೆಯ ಸೂಕ್ತದಲ್ಲಿ ಹೇಳಲಾದ ಎರಡು ವರ್ಷಗಳ ಅವಧಿಯನ್ನು ನೆನಪಿಡಲಿ. ಎದೆಹಾಲು ಕುಡಿದು ಬೆಳೆದ ಮಕ್ಕಳಲ್ಲಿ ಮುಂದೆ ಬೊಜ್ಜಿನ ಸಂಭವ ಕಡಿಮೆಯೆಂದು ಅಧ್ಯಯನಗಳು ತೋರಿಸಿವೆ.

ಬೆಳೆಯುವ ಮಗುವನ್ನು ಹಸಿವಿನಿಂದ ಇರಿಸಬೇಡಿ. ಜಾಹೀರಾತಿನ ಪುಡಿ ಮತ್ತು ಕಷಾಯಗಳ ಹಿಂದೆ ಓಡಬೇಡಿ. ಅನೇಕ ಮಕ್ಕಳ ವಿಷಯದಲ್ಲಿ ತೂಕ ಇಳಿಸುವ ಅಗತ್ಯವೇ ಇರುವುದಿಲ್ಲ. ತೂಕವನ್ನು ಏರದಂತೆ ಹಿಡಿದಿಟ್ಟರೆ ಎತ್ತರ ಬೆಳೆದು ದೇಹ ಸಮತೋಲನಕ್ಕೆ ಬರುತ್ತದೆ. ಕತ್ತಿನ ಕಪ್ಪು, ರಾತ್ರಿಯ ಗೊರಕೆ, ಅತಿಯಾದ ಬಾಯಾರಿಕೆ, ಮಂಡಿ ಅಥವಾ ಸೊಂಟದ ನೋವು, ಮುಟ್ಟಿನ ಏರುಪೇರು ಕಂಡರೆ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ. ವರ್ಷಕ್ಕೆರಡು ಬಾರಿ ಎತ್ತರ ಮತ್ತು ತೂಕವನ್ನು ಬರೆದಿಡಿರಿ. ಅಂಕಪಟ್ಟಿಯನ್ನು ಜೋಪಾನವಾಗಿಡುವ ನಮಗೆ ಇದೊಂದು ಹಾಳೆ ಭಾರವಾಗದು.

ಮನೆಯೊಂದರಿಂದಲೇ ಇದು ಸಾಧ್ಯವಾಗದು. ಜಮಾಅತಿನ ನೆರವು ಬೇಕು. ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅಧಿಕವಿರುವ ತಿಂಡಿಗಳ ಮಾರಾಟ ಸಲ್ಲದೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿಯೇ ನಿಯಮ ಮಾಡಿದೆ. ಸಮುದಾಯದ ಆಡಳಿತದಲ್ಲಿರುವ ಎಷ್ಟು ಶಾಲೆಗಳು ಅದನ್ನು ಪಾಲಿಸುತ್ತಿವೆ ಎಂದು ಆಡಳಿತ ಮಂಡಳಿಗಳು ಆತ್ಮಸಾಕ್ಷಿಯನ್ನು ಕೇಳಿಕೊಳ್ಳಲಿ. ಮೀಲಾದ್ ಮತ್ತು ಮದ್ರಸ ವಾರ್ಷಿಕೋತ್ಸವಗಳಲ್ಲಿ ಮಕ್ಕಳ ಕೈಗೆ ತಂಪುಪಾನೀಯದ ಬಾಟಲಿಯ ಬದಲು ಒಂದು ಬಾಳೆಹಣ್ಣು ಮತ್ತು ನೀರು ಕೊಡೋಣ. ಪಾಠ ಒಪ್ಪಿಸಿದ ಮಗುವಿಗೆ ಚಾಕೊಲೇಟ್ ಕೊಡುವ ಉಸ್ತಾದರು ಒಂದು ಪೆನ್ನು ಕೊಡಲಿ. ಅಸ್ರ್ ನಮಾಝಿನ ಬಳಿಕ ಮಸೀದಿಯ ಅಂಗಳವನ್ನು ಒಂದು ಗಂಟೆ ಮಕ್ಕಳ ಆಟಕ್ಕೆ ಬಿಡೋಣ. ಮಕ್ಕಳ ಗದ್ದಲದಿಂದ ಮಸೀದಿಯ ಗೌರವ ಕುಂದದು. ವರ್ಷಕ್ಕೊಂದು ಜುಮಾ ಖುತ್ಬಾ ತಟ್ಟೆಯ ಕುರಿತಾಗಿರಲಿ, ಅದೂ ರಮಝಾನಿಗೆ ಮೊದಲು.

ನಾವು ನಮ್ಮ ತರಗತಿಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದ್ದೇವೆ. ಎರಡು ಗಂಟೆಯ ಪಾಠದ ನಡುವೆ ಹದಿನೈದು ನಿಮಿಷ ಮಕ್ಕಳನ್ನು ಅಂಗಳಕ್ಕೆ ಬಿಡುತ್ತೇವೆ. ಪಾಠ ಹಿಂದೆ ಬೀಳುವುದೆಂದು ಕೆಲವು ಪೋಷಕರು ಆಕ್ಷೇಪಿಸಿದರು. ಪಾಠ ಹಿಂದೆ ಬೀಳಲಿಲ್ಲ. ತೂಕಡಿಕೆ ಕಡಿಮೆಯಾಯಿತು. ಗೋಡೆಗೆ ಮುಖ ಮಾಡಿ ಕೂರುತ್ತಿದ್ದ ಆ ಬಾಲಕ ಮೊದಲ ದಿನಗಳಲ್ಲಿ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದ. ಈಗ ಓಡುತ್ತಾನೆ. ಎಲ್ಲರಿಗಿಂತ ಹಿಂದೆ ಓಡುತ್ತಾನೆ. ಯಾರೂ ನಗುವುದಿಲ್ಲ. ಅವನ ತೂಕ ಎಷ್ಟಾಯಿತೆಂದು ನಾವು ಕೇಳಿಲ್ಲ, ಕೇಳುವುದೂ ಇಲ್ಲ.

ನಮಗೆ ಒಪ್ಪಿಸಲಾದ ಈ ಅಮಾನತನ್ನು ಆರೋಗ್ಯದಿಂದ, ಗೌರವದಿಂದ ಬೆಳೆಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ತಿಳಿದೋ ತಿಳಿಯದೆಯೋ ನಾವು ಮಾಡಿದ ತಪ್ಪುಗಳನ್ನು ಮನ್ನಿಸಲಿ. ಆಮೀನ್.